ಆರನೆಯ ಚಿಪ್ಪುಮೀನು

ಬುಸಾನ್, ಭಾನುವಾರ ಸಂಜೆ

ಚಿಕ್ಕಮ್ಮಾ,

ಅಡುಗೆ ಸ್ಪರ್ಧೆ ಮುಗಿಯಿತು, ಗೆಲ್ಲಲಿಲ್ಲ. ಅಳತೆಗೆ ಬಾರದ ಮರಿಗಳನ್ನೆಲ್ಲ ಕಡಲಿಗೇ ಬಿಟ್ಟು ನೀನು ಮುಳುಗಿ ತಂದುಕೊಟ್ಟ ಚಿಪ್ಪುಮೀನು ಆರು, ತೀರ್ಪುಗಾರರೂ ಆರು ಮಂದಿ. ಬೆಂದ ಕೂಡಲೇ ಮನೆಯಲ್ಲಿ ಮಾಡುವಂತೆ ಮೊದಲನೆಯದನ್ನು ಅನ್ನದ ಜೊತೆ ಬಿಳಿ ಕಾಗದದಲ್ಲಿ ಕಟ್ಟಿ ಎತ್ತಿಟ್ಟುಬಿಟ್ಟೆ. ಬಡಿಸುವಾಗಲೇ ಒಂದು ತಟ್ಟೆ ಖಾಲಿಯೆಂದು ತಿಳಿದದ್ದು.

"ಆರನೇದು ಎಲ್ಲಿದೆಯಮ್ಮಾ?" ಎಂದು ಹಿರಿಯ ತೀರ್ಪುಗಾರರು ಕೇಳಿದರು.

"ಕಡಲಲ್ಲಿ ಹೋದೋರಿಗೆ ಎತ್ತಿಟ್ಟೆ. ನಮ್ಮಮ್ಮನ ಪಾಲು."

"ಸತ್ತೋರು ಮಾರ್ಕ್ಸ್ ಹಾಕ್ತಾರೇನಮ್ಮ?" ಎಂದು ಪಕ್ಕದ ಒಲೆಯ ಬಾಣಸಿಗ ಗೊಣಗಿದ.

ಹಿರಿಯರು ನಗಲಿಲ್ಲ. "ಇನ್ನೂ ಬಿಸಿ ಇರತ್ತೆ. ಬಿಚ್ಚಿ ಬಡಿಸು, ಲೆಕ್ಕಕ್ಕೆ ತಗೋತೀವಿ" ಎಂದರು.

"ಕಟ್ಟಿದ್ದನ್ನ ಬಿಚ್ಚೋಕಾಗಲ್ಲ, ತಪ್ಪು ತಿಳೀಬೇಡಿ" ಎಂದೆ. ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು.

ನಿನ್ನ ಕಿವಿನೋವಿಗೆ ಮಾತ್ರೆ ಕೊಂಡಿದ್ದೇನೆ. ನಾನು ಬರುವವರೆಗೆ ನೀರಿಗಿಳಿಯಬೇಡ.

ಈಗಷ್ಟೇ ಇಲ್ಲಿನ ಬಂದರಿನಲ್ಲಿ ಆ ಪೊಟ್ಟಣವನ್ನು ನೀರಿಗೆ ಬಿಟ್ಟೆ. ಅಮ್ಮ ಈ ಊರು ಕಂಡವಳಲ್ಲ. ಅದಕ್ಕೇ ಕಾಗದದ ಮೇಲೆ ಅವಳ ಹೆಸರು ಬರೆದು, ಕೆಳಗೆ ಜೇಜು ದ್ವೀಪದ ನಮ್ಮ ಮನೆಯ ವಿಳಾಸವನ್ನೂ ಬರೆದೆ.

ಈ ಪತ್ರ ಒಯ್ಯುವ ಹಡಗಿಗೆ ಹೊತ್ತಾಯಿತು.

ಯೋನ್‌ಹ್ವಾ