ವಾರ ಬಿಟ್ಟು ವಾರ

ನನ್ನ ಮುದ್ದಿನ ವೈರಿಂಗ್ ಮೇಷ್ಟ್ರೇ,

ಬಹುವಚನ ಮೇಲಿನ ಸಾಲಿಗೆ ಮಾತ್ರ. ಇಲ್ಲಿಂದ ಮುಂದೆ ನೀನು, ನೀನು, ನೀನು! ಫೋನಿನಲ್ಲಿ ಹೇಳಹೊರಟರೆ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ಅಳು. ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ತಿದ್ದುತ್ತ ಕೂರಬೇಡ, ಸುಮ್ಮನೆ ಓದು.

ಮದುವೆಯಾದ ಮೇಲೆ ನೀನು ಕೊಟ್ಟ ಮೊದಲ ಉಡುಗೊರೆ ಕಂಪ್ಯೂಟರಿನಲ್ಲಿ ಒಂದು ಫೈಲು, ಎಲ್ಲಿದ್ದರೂ ಇಬ್ಬರೂ ತೆರೆದು ಬರೆಯಬಹುದಾದದ್ದು. ಗೆಳತಿಯರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರಗಳ ಕ್ಯಾಲೆಂಡರು. ನನ್ನ ಹೆಗಲಿಗೆ ಗದ್ದ ಊರಿಕೊಂಡು ಕಲಿಸಿದ್ದೆ: "ಕ್ಲಾಸನ್ನ ಒಂದೇ ಸಲ ಬರಿ. ಪಕ್ಕದಲ್ಲಿ ಎಷ್ಟು ವಾರಕ್ಕೊಂದ್ಸಲ ಅಂತ ಅಂಕಿ ಹಾಕು. ಮುಂದಿನದನ್ನೆಲ್ಲ ಅದೇ ತುಂಬಿಕೊಳ್ಳುತ್ತೆ." ಅರ್ಧ ಪಾಠ ತಲೆಗೆ ಹೋಯಿತು. ಉಳಿದರ್ಧ ನಿನ್ನ ಸೋಪಿನ ಪರಿಮಳದಲ್ಲಿ ಕರಗಿತು.

ಆಮೇಲೆ ಈ ಟರ್ಮಿಗೆಂದು ನಿನ್ನನ್ನು ಅಷ್ಟು ದೂರದ ತರಬೇತಿ ಶಾಲೆಗೆ ಕಳಿಸಿದರು. ಭಾನುವಾರ ಒಂದೇ ದಿನಕ್ಕೆ ಬಂದು ಹೋಗುವ ಊರಲ್ಲ ಅದು. ಅಲ್ಲಿಂದ ಫೋನಿನಲ್ಲಿ ನೀನು ನಿನ್ನ ಕ್ಲಾಸುಗಳನ್ನು ಹೇಳುತ್ತ ಹೋದೆ, ನಾನು ಫೈಲಿಗೆ ಹಾಕುತ್ತ ಹೋದೆ. "ಶನಿವಾರ ವಾರ ಬಿಟ್ಟು ವಾರ" ಎಂದೆ ನೀನು. ಒಂದು ವಾರ ಮುಗಿದರೆ ಇನ್ನೊಂದು, ಹೀಗೆ ಬಿಡದೆ ಸಾಲಾಗಿ ಎಂದುಕೊಂಡು ಒಂದು ಎಂಬ ಅಂಕಿ ಒತ್ತಿದೆ. ಟರ್ಮಿನ ಶನಿವಾರಗಳೆಲ್ಲ ಪಟಪಟ ತುಂಬಿಹೋದವು. ನೀನಿಲ್ಲದ ಶನಿವಾರ ಮನೆಯಲ್ಲಿ ಕೂತು ಏನು ಮಾಡಲಿ? ಮಣ್ಣಿನ ಪಾತ್ರೆ ಕಲಿಸುವ ಶನಿವಾರದ ಕ್ಲಾಸನ್ನು ಒಪ್ಪಿಕೊಂಡುಬಿಟ್ಟೆ, ಅದೂ ಮಧ್ಯಾಹ್ನದಿಂದ ಸಂಜೆಯವರೆಗೆ.

ನೀನು ಫೈಲು ತೆರೆಯುವುದು ನನ್ನ ಸಾಲುಗಳನ್ನು ನೋಡಲಿಕ್ಕಂತೆ, ನಿನ್ನವು ನಿನಗೆ ಬಾಯಿಪಾಠವಂತೆ. ನನ್ನ ಶನಿವಾರ ನೋಡಿ "ಒಳ್ಳೇದಾಯ್ತು ಬಿಡು" ಎಂದಿದ್ದೆ. ದನಿ ಸೊರಗಿತ್ತು. ಪಾಠ ಮಾಡಿ ದಣಿದಿದ್ದಾನೆ ಎಂದುಕೊಂಡೆ, ಪೆದ್ದಿ ನಾನು.

ಮೊನ್ನೆ ಕ್ಲಾಸಿನ ಅಜ್ಜಿಯೊಬ್ಬರನ್ನು "ಹೋದ ಶನಿವಾರ ಚಕ್ಕರ್ ಹೊಡೆದ್ರಲ್ಲ ಅಜ್ಜಿ?" ಎಂದು ಕೇಳಿದೆ.

"ವಾರ ಬಿಟ್ಟು ವಾರ ಬರ್ತೀನಿ ಅಂತ ಸೇರೋವಾಗ್ಲೇ ಹೇಳಿದ್ನಲ್ಲೇ ತಾಯಿ. ಒಂದ್ ವಾರ ಬರೋದು, ಒಂದ್ ವಾರ ಬಿಡೋದು. ಪಾಠ ಹೇಳೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಚಕ್ರದ ಮೇಲಿದ್ದ ಹೂಜಿಯ ಕುತ್ತಿಗೆ ನನ್ನ ಕೈಯಲ್ಲೇ ಸೊಟ್ಟಗಾಯಿತು. ಎಲ್ಲರೂ ನಕ್ಕರು. ನಾನು ಮಾತ್ರ ನೀನು ನನ್ನ ಹತ್ತಿರ ಬರಬಹುದಾಗಿದ್ದ ನಿನ್ನ ಬಿಡುವಿನ ಶನಿವಾರಗಳನ್ನು ನೆನೆಯುತ್ತ ನಿಂತೆ. ಆ ಬಾಡಿಗೆ ಕೋಣೆಯಲ್ಲಿ ಏನು ಮಾಡುತ್ತಿದ್ದೆ? ಬಟ್ಟೆ ಒಗೆದೆಯಾ? ಕಿಟಕಿ ಪಕ್ಕ ಕೂತೆಯಾ? ಇವಳಿಗೆ ನನಗಿಂತ ಮಣ್ಣೇ ಹೆಚ್ಚು ಎಂದುಕೊಂಡೆಯಾ? ಒಂದು ಸಲ ಜಗಳವಾದರೂ ಆಡಬಾರದಿತ್ತೇ ಮಾರಾಯ!

ಮನೆಗೆ ಬಂದವಳೇ ಒಂದನ್ನು ಅಳಿಸಿ ಎರಡು ಒತ್ತಿದೆ. ಶನಿವಾರಗಳು ಒಂದು ಬಿಟ್ಟು ಒಂದು ತೆರೆದುಕೊಂಡವು. ಆದರೆ ಪ್ರತಿಯೊಂದರಲ್ಲೂ ನನ್ನದೇ ಕ್ಲಾಸು ಅಡ್ಡಗಾಲು ಹಾಕಿ ಕೂತಿತ್ತು.

ಮರುದಿನವೇ ನಮ್ಮ ಮಣ್ಣಿನ ಕ್ಲಾಸು ನಡೆಸುವ ಕೇಂದ್ರದ ಮೇಡಂ ಹತ್ತಿರ ಓಡಿದೆ. "ಜನಕ್ಕೆ ಮಾತು ಕೊಟ್ಟಾಗಿದೆ, ನಿಲ್ಸೋಕಾಗಲ್ಲ. ಬೇಕಾದ್ರೆ ಬೆಳಗ್ಗೆಗೆ ಹಾಕ್ಕೋ, ಆದ್ರೆ ಎಲ್ಲರನ್ನೂ ನೀನೇ ಒಪ್ಪಿಸ್ಬೇಕು" ಎಂದರು. ಒಬ್ಬೊಬ್ಬರಿಗೂ ಫೋನು ಮಾಡಿ ಗೋಗರೆದೆ. ಅಜ್ಜಿಯಂತೂ "ಗಂಡ ಬರ್ತಾನೆ ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲೇ ಹುಚ್ಚಿ!" ಎಂದು ಬೈದೇ ಒಪ್ಪಿದರು.

ಈಗ ಬರುವ ಶನಿವಾರ ಊಟದ ಹೊತ್ತಿನಿಂದಾಚೆಗೆ ಫೈಲಿನಲ್ಲಿ ಏನೂ ಇಲ್ಲ. ಅಲ್ಲಿ ನೀನು ಬರುವುದನ್ನು ನಾನೇ ಬರೆಯಬಹುದಿತ್ತು, ಬೆರಳು ತುರಿಸುತ್ತಲೂ ಇದೆ. ಬರೆಯುವುದಿಲ್ಲ. ಇಷ್ಟು ದಿನ ನಿನ್ನ ಶನಿವಾರಗಳನ್ನು ನಾನೇ ತುಂಬಿಸಿದ್ದು ಸಾಕು. ನಿನಗೂ ನನ್ನಷ್ಟೇ ಆಸೆಯಿದ್ದರೆ ಆ ಸಾಲನ್ನು ನೀನು ಬರೆ. ಆ ಫೈಲಿನಲ್ಲಿ ಯಾರು ಬರೆದರೂ ಅಕ್ಷರ ಒಂದೇ ಥರ ಕಾಣುತ್ತದೆ, ನಿಜ. ಆದರೆ ನಾನು ಬರೆದಿಲ್ಲವೆಂದ ಮೇಲೆ ಬರೆದದ್ದು ನೀನೇ ಅಲ್ಲವೇ? ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೇನೆ.

ತಂತಿ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸು. ದೇವರು ನಿನ್ನ ಹತ್ತೂ ಬೆರಳುಗಳನ್ನು ಚೆನ್ನಾಗಿಟ್ಟಿರಲಿ, ಅವೆಲ್ಲ ನನಗೆ ಬೇಕು.

ಕಾದು ಕಾದು ಕಣ್ಣು ಬಿಟ್ಟುಕೊಂಡೇ ಇರುವ,
ನಿನ್ನವಳು