ಟಾರಿನ ಅಂಚಿನಿಂದ ಆರಡಿ

೧೨-೧-೨೦೦೪, ಸಂಜೆ
ಕುಂದಾಪುರ ಕೋರ್ಟು ಮುಗಿಸಿ ಬಂದು ಮತ್ತೆ ಫೈಲು. ಉಪ್ಪುಂದದ ಕೇಸು. ಹೋದ ಸೆಪ್ಟೆಂಬರಿನಲ್ಲಿ ಹೈವೇ ಬದಿ ಬಸ್ಸಿಗೆ ಕಾಯುತ್ತಿದ್ದ ಮೀನು ಮಾರುವ ಬೆಳ್ಳಿ ಎಂಬ ಹೆಂಗಸಿಗೆ ಲಾರಿ ಬಡಿದಿದೆ. ಸ್ಥಳದಲ್ಲೇ ಸಾವು. ಅವಳೇ ರಸ್ತೆಗೆ ಅಡ್ಡ ಓಡಿದಳೆಂದು ಡ್ರೈವರನ ವಾದ. ಕಣ್ಣಾರೆ ಕಂಡವನು ಗೂಡಂಗಡಿಯ ಸೂರ ಒಬ್ಬನೇ. ಅವನ ಸಾಕ್ಷಿ ಸಾಕು. ಬೈಂದೂರು ಠಾಣೆಯ ಎಸ್‌ಐ ಚಂದಯ್ಯನವರು ಬರೆದ ಅಪಘಾತ ಸ್ಥಳದ ನಕ್ಷೆ ನೋಡಿ ನಗು ಬಂತು — ಚೆಲ್ಲಿದ ಬಂಗುಡೆ ಮೀನುಗಳಿಗೂ ಒಂದೊಂದು ಗುರುತು! ಸರ್ಕಾರಿ ವಕೀಲೆಯಾಗಿ ಎಂಟು ವರ್ಷ, ಇಂಥದ್ದು ಕಂಡಿಲ್ಲ.

೩-೨-೨೦೦೪
ಸೂರ ಉಲ್ಟಾ ಹೊಡೆದ. "ನಾ ಎಂತದೂ ಕಂಡಿಲ್ಲೆ. ಅಂಗಡಿ ಒಳ್ಗಿದ್ದೆ."
ಪ್ರತಿಕೂಲ ಸಾಕ್ಷಿ, ಅಂದರೆ ಹಾಸ್ಟೈಲ್ ಅಂತ ಬರೆಸಿ ನಾನೇ ಪಾಟಿ ಸವಾಲು ಮಾಡಿದೆ... ಜಗ್ಗಲಿಲ್ಲ. ಹೊರಗೆ ಬೆಳ್ಳಿಯ ಮಗಳು ಜಲಜ. "ಮೇಡಂ, ಇನ್ ಎಲ್ರೂ ಅಮ್ಮಂದೇ ತಪ್ಪ್ ಅಂತ್ರ್ ಅಲ್ದಾ?" ಎಸ್‌ಐ ಸಾಕ್ಷಿ ಇನ್ನೂ ಬಾಕಿ ಇದೆ ಎಂದೆ.

೨೭-೨-೨೦೦೪, ರಾತ್ರಿ
ಚಂದಯ್ಯನವರ ಸಾಕ್ಷಿ. ಎದುರು ವಕೀಲರು ನಕ್ಷೆ ಎತ್ತಿ ತೋರಿಸಿ, "ಮೀನಿನ ಅಳತೆ ಯಾಕೆ, ಸಾರಿಗಾ?" ಎಂದರು. ಎಲ್ಲರೂ ನಕ್ಕರು. ಚಂದಯ್ಯನವರು ನಗಲಿಲ್ಲ.
"ಮಳೆ ಬಪ್ಪುಕಾಯಿತ್ತ್. ಗುರ್ತ್ ಅಳ್ಸಿ ಹೋಪುಕ್ ಮೊದ್ಲ್ ಅಳ್ದೆ. ಟಾರಿನ ಅಂಚಿಂದ ಆರಡಿ ಹೊರ್ಗೆ ಕೆಸರಲ್ಲಿ ಟಯರಿನ ಗುರ್ತ್. ಅದ್ರೊಳ್ಗೆ ಮೂರ್ ಬಂಗ್ಡಿ ಮೀನ್ ಜಜ್ಜಿ ಹೋಯಿತ್ತ್."
ಲಾರಿಯೇ ರಸ್ತೆ ಬಿಟ್ಟು ಅವಳಿದ್ದಲ್ಲಿಗೆ ಹೋಗಿದೆ!
"ಬ್ರೇಕ್ ಹಾಕಿದ ಗುರುತು?" ಎಂದರು ಎದುರು ವಕೀಲರು.
"ಇತ್ತ್. ಅದನ್ನೂ ಬರ್ದಿದ್ದೆ."
ಡ್ರೈವರನಿಗೆ ಅನುಕೂಲವಾಗುವುದನ್ನೂ ಮುಚ್ಚಿಡದ ಮನುಷ್ಯ. ನ್ಯಾಯಾಧೀಶರು ನಕ್ಷೆಯ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. ಅಂದು ನಕ್ಕದ್ದು ನೆನೆದು ನಾಚಿಕೆ. ಕ್ಷಮೆ ಕೇಳಿದೆ. "ಅಯ್ಯೋ, ಇರ್ಲಿ ಬಿಡಿ ಮೇಡಂ," ಎಂದು ಬೈಂದೂರು ಬಸ್ಸು ಹತ್ತಿದರು.

೧೮-೩-೨೦೦೪
ತೀರ್ಪು. ಡ್ರೈವರ್ ತಪ್ಪಿತಸ್ಥ, ಒಂದು ವರ್ಷ ಜೈಲು. ಸಾಕ್ಷಿ ಜಾರಿದರೂ ತನಿಖೆ ನಿಂತಿತು. ಠಾಣೆಗೆ ಫೋನ್ ಮಾಡಿದರೆ ಚಂದಯ್ಯನವರು ಇಲ್ಲ — ಕೊಲ್ಲೂರು ರಸ್ತೆಯಲ್ಲಿ ಯಾವುದೋ ಸ್ಥಳ ಮಹಜರು.
ಜಲಜ ಅಳಲಿಲ್ಲ. ಅಮ್ಮನ ಬಗ್ಗೆ ತೀರ್ಪಿನಲ್ಲಿ ಏನಿದೆಯೋ ಅದನ್ನು ಬರೆದುಕೊಡಿ ಎಂದಳು. ಬರೆದುಕೊಟ್ಟೆ: 'ಮೃತಳು ರಸ್ತೆಯ ಹೊರಗೆ ನಿಂತಿದ್ದಳು. ಆಕೆಯ ತಪ್ಪೇನೂ ಇಲ್ಲ.'
ಗೇಟಿನ ಹತ್ತಿರ ಸೂರ ನಿಂತಿದ್ದ. ತೀರ್ಪು ಕೇಳಲು ಬಂದಿರಬೇಕು. ಜಲಜ ನೇರ ಅವನೆದುರು ಹೋಗಿ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದಳು. ಅವನು ತಲೆ ಎತ್ತಿ, "ಹೌದ್ ಮಗಾ, ನಿನ್ನ್ ಅಮ್ಮ ಹೊರ್ಗೇ ನಿಂತಿದ್ಲ್. ನಾ ಕಂಡಿದ್ದೆ," ಎಂದ.