ಎಷ್ಟು ಎಲೆ ಎಂದು ಕೇಳದವನು

ಸೊಸೆ ಪ್ರತಿಮಾಳಿಗೆ,

ಕಲ್ಯದ ದೊಡ್ಡಮನೆಯ ಯಜಮಾನಿ ಶಿವಲಿಂಗಮ್ಮ ಬರೆಯುತ್ತಿದ್ದೇನೆ. ಓದಿದ್ದು ಹತ್ತನೇ ತರಗತಿ. ಆದರೂ ಈ ಮನೆಯಲ್ಲಿ ನನ್ನ ಮಾತು ಮೀರಿ ಒಲೆ ಹೊತ್ತಿದ್ದಿಲ್ಲ.

ನೀನೂ ನನ್ನ ಮಗ ನಾಗರಾಜುವೂ ಮಹಡಿಯಲ್ಲಿ ಕೂತು ಮಾಡುವ ಕೆಲಸ ನನಗೆ ಅರ್ಥವಾಗಿದ್ದು ಹಿರಿಯರ ಹಬ್ಬದ ದಿನ. ಎಸರಿಡುವ ಮೊದಲು, ಎಷ್ಟು ಎಲೆ ಎಂದು ಜಗಲಿಗೆ ಕೇಳಿ ಕಳಿಸಿದೆ. ನೀನು ನಕ್ಕು, ನಾವು ಬರೆಯುವುದೂ ಇದೇ ಅಂದೆ. ಸರ್ಕ್ಯೂಟ್ ಬೋರ್ಡಿನಲ್ಲಿ ಸಿಗ್ನಲ್ ಕೆಡದೆ ಹೋಗುತ್ತದೆಯೇ ಎಂದು, ಬೋರ್ಡು ಮಾಡುವ ಮೊದಲೇ ಕಂಪ್ಯೂಟರಿನಲ್ಲಿ ನೋಡುವ ಮಾಡೆಲ್. ಅಂಕಿಗಳು ಕಂತು ಕಂತಾಗಿ ಬರುತ್ತವೆ, ಕಂತಿಗೆ ಎಷ್ಟೆಂದು ಗಿರಾಕಿಯ ಸಾಫ್ಟ್‌ವೇರ್ ಹೇಳುತ್ತದೆ, ಅದನ್ನು ಕೇಳಿ ಅಷ್ಟು ದೊಡ್ಡ ಬಫರ್, ಅಂದರೆ ಅಂಕಿ ತುಂಬಿಕೊಳ್ಳುವ ಪಾತ್ರೆ, ಇಡಬೇಕು. ಪಾತ್ರೆ ಚಿಕ್ಕದಾದರೆ ಉಕ್ಕುತ್ತದಾ ಅಂತ ನಾನು ಕೇಳಿದೆ.

"ಉಕ್ಕಿದ್ದು ಕಂಡ್ರೆ ಪರ್ವಾಗಿಲ್ಲ ಅತ್ತೆ. ಸದ್ದಿಲ್ದೆ ಪಕ್ಕದ ಪಾತ್ರೆಗೆ ಬಿದ್ದು ಅಲ್ಲಿರೋದ್ನೂ ಕೆಡಿಸ್ತದೆ" ಅಂದೆ.

ನೀನು ಕೇಳಿಯೇ ಇಡುವಂತೆ ಬರೆದಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅದನ್ನು ಕಿತ್ತ. ಇಲ್ಲಿ ಪರೀಕ್ಷೆ ಮಾಡಿದಾಗಲೆಲ್ಲ ಒಂದೇ ಅಳತೆಯ ಕಂತು ಬಂದಿತ್ತಂತೆ, ಅದನ್ನೇ ಕಾಯಂ ಮಾಡಿ ಕಳಿಸಿದ. ಗಿರಾಕಿಯ ಕಡೆ ದೊಡ್ಡ ಕಂತು ಬಂತು. ಕಂಪ್ಯೂಟರ್ ನಿಲ್ಲಲಿಲ್ಲ, ಎಲ್ಲ ಸರಿಯಿದೆ ಅಂತಲೇ ತೋರಿಸಿತು. ನಂಬಿ ಮಾಡಿಸಿದ ಬೋರ್ಡುಗಳಲ್ಲಿ ಒಂದೂ ಕೆಲಸ ಮಾಡಲಿಲ್ಲ.

ತಪ್ಪು ಯಾರದೆಂದು ಗಿರಾಕಿ ಫೋನಿನಲ್ಲಿ ಕೇಳಿದಾಗ ಅವನು ನಿನ್ನ ಹೆಸರು ಹೇಳಿದ. ನೀನು ಬರಿಗೈಯಲ್ಲಿ ದೊಡ್ಡಮಳೂರಿಗೆ, ತವರಿಗೆ ಹೋದೆ. ಯಾಕೋ ಹಾಗಂದೆ ಎಂದು ನಾನು ಹಿಡಿದು ನಿಲ್ಲಿಸಿದೆ. "ಹೆಂಗಸ್ರ ಹೆಸ್ರು ಹೇಳಿದ್ರೆ ಒಸಿ ಬೈದು ಸುಮ್ಕಾಯ್ತಾರೆ ಕಣವ್ವ" ಅಂದ. ನಗುತ್ತಾ ಅಂದ. ನಿನ್ನ ಮಾವನವರೂ ಹಾಗೇ ನಗುತ್ತಿದ್ದರು.

ನನ್ನೆದುರೇ ಗಿರಾಕಿಗೆ ಫೋನ್ ಮಾಡಿಸಿ ನಿಜ ಹೇಳಿಸಿದೆ. ಅವರು ಕೇಳಿಸಿಕೊಂಡು, ಬೇರೆಯವರಿಗೆ ಕೆಲಸ ಕೊಟ್ಟಾಗಿದೆ ಅಂದರು. ನೀನು ಕೆಲಸ ಕೇಳಿದ ಕಡೆಯೆಲ್ಲ, ತಪ್ಪು ನಿನ್ನದೆಂಬ ಸುದ್ದಿ ನಿನಗಿಂತ ಮೊದಲೇ ಹೋಗಿತ್ತೆಂದು ನಿನ್ನ ತಂಗಿ ಸೌಮ್ಯ ಹೇಳಿದಳು. ನಿಜ ಹೇಳಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಇವನೂ ಬದಲಾಗುವವನಲ್ಲ. ನಿನ್ನೆಯೂ, ಅವಳೇ ಬಂದು ತಪ್ಪಾಯ್ತು ಅನ್ನಲಿ ಅಂತ ಕೂತಿದ್ದ.

ನಿನ್ನನ್ನು ಕರೆತರಲು ಊರಿನ ಹಿರಿಯರು ಹೊರಟಿದ್ದರು. ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದೆ. ಈ ಮನೆಯ ಸೊಸೆ ತವರಲ್ಲಿ ಉಳಿದದ್ದಿಲ್ಲ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದವಳು ನಾನೇ. ನಿನ್ನ ಕಂಪ್ಯೂಟರ್, ಬಟ್ಟೆಯ ಪೆಟ್ಟಿಗೆ, ಒಡವೆ ನಮ್ಮೂರ ಕೆಂಚಯ್ಯನ ಆಟೋದಲ್ಲಿ ಈ ಕಾಗದದ ಜೊತೆಗೇ ಬಂದಿವೆ. ಇಳಿಸಿಕೋ. ನಾನು ಬಾ ಅನ್ನುವುದಿಲ್ಲ. ಇವನು ಕರೆದರೂ ಬರಬೇಡ.

ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ ಅತ್ತೆಯಾಗಿದ್ದ
ಶಿವಲಿಂಗಮ್ಮ